ಖಾಲಿ ಕೋಣೆಯ ಸದ್ದು

ಜೂನ್ 3, ಮಂಗಳವಾರ

ರೀ,

ರಜೆ ಸಿಕ್ಕಿತು, ನಾನು ನಿಮ್ಮ ಶೂಟಿಂಗ್ ಮನೆಗೆ ಬರುತ್ತಿದ್ದೇನೆ! ಇದನ್ನು ಮೊದಲು ಬರೆದುಬಿಟ್ಟರೆ ನನಗೆ ಸಮಾಧಾನ, ಕ್ಷೇಮ ಸಮಾಚಾರ ಎಲ್ಲ ಆಮೇಲೆ. ಜುಲೈ ಎರಡನೇ ವಾರ ಪೂರ್ತಿ ರಜೆ. ನಮ್ಮ ಡಾಕ್ಟರಮ್ಮ ಸಹಿ ಹಾಕುವಾಗ ಕನ್ನಡಕದ ಮೇಲಿಂದ ನೋಡಿ, ಮದುವೆಯಾದ ಎರಡನೇ ವಾರಕ್ಕೇ ಓಡಿಹೋದ ಗಂಡನನ್ನು ಹುಡುಕುವುದಕ್ಕೂ ಆಸ್ಪತ್ರೆ ರಜೆ ಕೊಡಬೇಕಾ ಅಂದರು. ಓಡಿಹೋಗಿಲ್ಲ ಮೇಡಂ, ತಮಿಳು ಸಿನಿಮಾಕ್ಕೆ ಸೌಂಡ್ ರೆಕಾರ್ಡ್ ಮಾಡಲು ಹೋಗಿದ್ದಾರೆ ಅಂದೆ. ಎರಡಕ್ಕೂ ಏನು ವ್ಯತ್ಯಾಸ ಅಂದರು.

ನಿಮ್ಮ ಕಂಪನಿಯವರು ಎಲ್ಲರ ಫೋನನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ, ಸೆಟ್ಟಿನ ಫೋಟೋ ಹೊರಗೆ ಹೋಗಬಾರದಂತೆ ಅಂತ ನೀವು ಹೇಳಿದಾಗ ಅವರನ್ನು ಚೆನ್ನಾಗಿ ಬೈದಿದ್ದೆ. ಈಗ ಬೈಗುಳ ವಾಪಸ್ಸು ತೆಗೆದುಕೊಂಡಿದ್ದೇನೆ. ಕಾಗದ ಬರೆಯುವುದು ಇಷ್ಟು ಚೆನ್ನಾಗಿರುತ್ತದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಶಾಲೆಯಲ್ಲಿ ನಾನು ಬರೆದದ್ದೆಲ್ಲ ಇಂಗ್ಲಿಷಿನಲ್ಲಿ, ಹೆಡ್‌ಮಿಸ್ಟ್ರೆಸ್‌ಗೆ, ಹೊಟ್ಟೆನೋವು ಅಂತ ಸುಳ್ಳು ಹೇಳಿ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಡಿ ಅಂತ ಈ ಕಾಗದವನ್ನು ಅತ್ತೆಗೆ ಕೊಟ್ಟೆ. ಮೊದಲ ಸಾಲು ಓದಿ ಮಡಚಿ ಕೊಟ್ಟರು. "ನೀನೇ ಇಟ್ಕೊಳ್ಳಮ್ಮ, ನಂಗೆ ನಾಚಿಕೆ ಆಗುತ್ತೆ."

ನಾನು ಬೆಳಗ್ಗೆಯಿಂದ ಸಂಜೆವರೆಗೆ ಗಾಜಿನ ಕೋಣೆಯಲ್ಲಿ ಜನರ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದ ತಕ್ಷಣ ಗುಂಡಿ ಒತ್ತಿ ಅನ್ನುತ್ತಿರುತ್ತೇನೆ. ಅಲ್ಲಿ ನೀವೂ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತೀರಿ. ಸೊಸೆಗೂ ಮಗನಿಗೂ ಒಂದೇ ಕಸುಬು ಅಂತ ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಇನ್ನೊಂದು ವಿಷಯ. ಬೀದಿಯಲ್ಲಿ ಒಬ್ಬಳೇ ಹೋಗುವಾಗಲೂ ನಾನು ಬಲಗಡೆಗೇ ಸರಿದು ನಡೆಯುತ್ತೇನೆ. ಇದ್ದ ಆ ಸ್ವಲ್ಪ ದಿನದಲ್ಲಿ ನೀವು ನನ್ನನ್ನು ನಿಮ್ಮ ಎಡಗಡೆ ನಡೆಯಲು ಬಿಡಲೇ ಇಲ್ಲ. ರಸ್ತೆ ದಾಟಿದ ಕೂಡಲೇ ಸುತ್ತಿಕೊಂಡು ಬಂದು ಜಾಗ ಬದಲಾಯಿಸುತ್ತಿದ್ದಿರಿ. ನನ್ನನ್ನು ಗಾಡಿಗಳಿಂದ ಕಾಪಾಡಲು ಹೀಗೆ ಮಾಡುತ್ತಾರೆ ಅಂತ ಗೆಳತಿಯರಿಗೆಲ್ಲ ಹೇಳಿ ಹೊಟ್ಟೆ ಉರಿಸಿದ್ದೇನೆ.

ಯಾವ ರೈಲು ಹತ್ತಬೇಕು, ಎಲ್ಲಿ ಇಳಿಯಬೇಕು, ತಕ್ಷಣ ಬರೆಯಿರಿ.

ನಿಮ್ಮ ಗುಬ್ಬಿ


ಜೂನ್ 8, ಭಾನುವಾರ

ಗುಬ್ಬಿ,

ಕಾಗದ ಬಂತು. ಖುಷಿಯಾಯಿತು. ಆದರೆ ಈಗ ಬರಬೇಡ.

ಇಲ್ಲಿ ಅನುಕೂಲ ಸಾಲದು. ನನ್ನ ಕೋಣೆಯಲ್ಲಿ ಕಂಬ ಇದ್ದಾನೆ. ಕಂಬ ಅಂದರೆ ಮನುಷ್ಯನೇ. ಉದ್ದನೆಯ ಕೋಲಿನ ತುದಿಗೆ ಮೈಕು ಕಟ್ಟಿ ನಟರ ತಲೆಯ ಮೇಲೆ ಹಿಡಿಯುವುದು ಅವನ ಕೆಲಸ. ನನಗಿಂತ ಹತ್ತು ವರ್ಷ ದೊಡ್ಡವನು, ಗೊರಕೆಯಲ್ಲಿ ಇನ್ನೂ ದೊಡ್ಡವನು. ಬಿಸಿನೀರು ನಾಯಕಿಗೆ ಮಾತ್ರ.

ಮನೆಯೂ ಅಷ್ಟಕ್ಕಷ್ಟೆ. ಹಳೆಯ ಎರಡಂತಸ್ತಿನ ಬಂಗಲೆ. ಸಿನಿಮಾದ ಕಥೆಯಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಗಂಡ-ಹೆಂಡತಿ ಅಂತ ಸುಳ್ಳು ಹೇಳಿ ಈ ಮನೆಗೆ ಬಾಡಿಗೆಗೆ ಬರುತ್ತಾರೆ. ಇಲ್ಲೊಂದು ಅಜ್ಜಿಯ ದೆವ್ವ. ಇವರು ಜಗಳವಾಡಿದಾಗಲೆಲ್ಲ ಅಜ್ಜಿ ಇಬ್ಬರನ್ನೂ ಒಂದೇ ಕೋಣೆಗೆ ಹಾಕಿ ಬಾಗಿಲು ಮುಚ್ಚುತ್ತಾಳೆ. ಬಾಗಿಲ ಹಿಂದೆ ಹಗ್ಗ ಎಳೆಯುವುದು ನಮ್ಮ ಬಡಗಿ. ನಿನ್ನೆ ಅವನು ಸೀನಿ ಇಡೀ ಪ್ರೇಮದೃಶ್ಯ ಹಾಳಾಯಿತು.

ಅದಿರಲಿ. ಈ ಮನೆಯಲ್ಲಿ ನಿಜವಾಗಿಯೂ ಏನೋ ಇದೆ ಅಂತ ಜನ ಮಾತಾಡಿಕೊಳ್ಳುತ್ತಿದ್ದಾರೆ. ನೀನು ಹೆದರಿಕೊಂಡರೆ ಕಷ್ಟ. ರಜೆ ಮುಂದಕ್ಕೆ ಹಾಕು. ಚಿತ್ರೀಕರಣ ಮುಗಿದ ಮೇಲೆ ನಾನೇ ಬರುತ್ತೇನೆ.

ಅಮ್ಮನಿಗೆ ಮೊಣಕಾಲಿನ ಎಣ್ಣೆ ನೆನಪು ಮಾಡು.


ಜೂನ್ 12, ಗುರುವಾರ

ಮೌನಿ ಮಹಾಶಯರಿಗೆ,

ಎಣ್ಣೆ ನೆನಪು ಮಾಡಿದೆ. ಹಚ್ಚಿಯೂ ಕೊಟ್ಟೆ. ಈಗ ನಿಮ್ಮ ಕಾಗದಕ್ಕೆ ಉತ್ತರ.

ಕಂಬನ ಗೊರಕೆಗೆ ನಾನು ಹೆದರುವುದಿಲ್ಲ, ನನ್ನ ಅಪ್ಪನ ಗೊರಕೆ ಕೇಳಿಕೊಂಡೇ ಡಿಗ್ರಿ ಮಾಡಿದವಳು. ತಣ್ಣೀರಿಗೆ ಹೆದರುವುದಿಲ್ಲ. ದೆವ್ವಕ್ಕಂತೂ ಹೆದರುವುದೇ ಇಲ್ಲ. ಗಂಡ-ಹೆಂಡತಿಯನ್ನು ಒಂದೇ ಕೋಣೆಗೆ ಹಾಕಿ ಬಾಗಿಲು ಮುಚ್ಚುವ ಅಜ್ಜಿ ಸಿಕ್ಕರೆ ಕಾಲು ಒತ್ತಿಕೊಡುತ್ತೇನೆ. ಹಾಗಾಗಿ ನೀವು ಕೊಟ್ಟ ಕಾರಣಗಳಲ್ಲಿ ಒಂದೂ ನಿಲ್ಲುವುದಿಲ್ಲ. ಬರಬೇಡ ಅನ್ನುವುದೊಂದು ಮಾತ್ರ ನಿಂತಿದೆ.

ರಜೆ ಮುಂದಕ್ಕೆ ಹೋಗುವುದಿಲ್ಲ ರೀ. ನನ್ನ ಜಾಗದಲ್ಲಿ ಕೂರುವವಳು ಆ ವಾರ ಮಾತ್ರ ಸಿಗುತ್ತಾಳೆ. ಆದರೂ ಬಲವಂತ ಮಾಡುವುದಿಲ್ಲ. ನನ್ನ ಸ್ವಭಾವ ನನಗೆ ಗೊತ್ತು, ಒಂದು ಕೇಳಿದರೆ ಹತ್ತು ಹೇಳುತ್ತೇನೆ. ಮೌನವಾಗಿರುವವರಿಗೆ ಸುಸ್ತಾಗಿರಬಹುದು. ನಾನು ಬಂದರೆ ನಾಲ್ಕು ಜನರ ಮುಂದೆ ನಿಮಗೆ ಮುಜುಗರ ಆಗುತ್ತದೆ ಅನ್ನುವುದಾದರೆ ಹಾಗೇ ಬರೆಯಿರಿ. ಅಳುವುದಿಲ್ಲ. ಅತ್ತರೂ ನಿಮಗೆ ಬರೆಯುವುದಿಲ್ಲ.

ಕಾಗದ ಓದಿ ಮುಖ ಸಣ್ಣ ಮಾಡಿಕೊಂಡಿದ್ದನ್ನು ಅತ್ತೆ ನೋಡಿದರು. ಅವನ ಮಾತಿನ ಮೇಲೆ ಹೋಗಬೇಡ, ಅವನು ಬೇಡ ಅಂದ ತಿಂಡಿಯನ್ನೇ ಎರಡು ಸಲ ಹಾಕಿಸಿಕೊಂಡು ತಿಂತಿದ್ದ ಅಂದರು. ನಿಮ್ಮನ್ನು ನಾನು ಇನ್ನೂ ಅಷ್ಟು ಓದಿಕೊಂಡಿಲ್ಲವಲ್ಲ.

ನಾಯಕಿ ನೋಡಲು ಹೇಗಿದ್ದಾಳೆ? ಸುಮ್ಮನೆ ಕೇಳಿದೆ.

ಗುಬ್ಬಿ


ಜೂನ್ 17, ಮಂಗಳವಾರ

ಗುಬ್ಬಿ,

ನಿನ್ನ ಮಾತಿನಿಂದ ನನಗೆ ಸುಸ್ತಾಗಿಲ್ಲ. ಅದು ನಿನ್ನ ತಲೆಯಿಂದ ಹೋಗಲಿ. ನಾಯಕಿ ಯಾವಾಗಲೂ ತೂಕಡಿಸುತ್ತಿರುತ್ತಾಳೆ. ತಾಯಿ ಜೊತೆಗಿದ್ದು ಎಬ್ಬಿಸುತ್ತಾರೆ.

ಇಲ್ಲಿಯ ದೆವ್ವದ ವಿಷಯ ಹೇಳುತ್ತೇನೆ, ನಗು ಬರುತ್ತದೆ ನಿನಗೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಒಂದು ಕೋಣೆಯಲ್ಲಿ ದೃಶ್ಯ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ಅಲುಗಾಡದೆ ನಿಲ್ಲಬೇಕು. ಆಗ ನಾನು ಆ ಕೋಣೆಯ ಮೌನವನ್ನು ಮುದ್ರಿಸಿಕೊಳ್ಳುತ್ತೇನೆ. ಒಂದೊಂದು ಕೋಣೆಯ ಮೌನ ಒಂದೊಂದು ಥರ. ಮಾತುಗಳ ನಡುವೆ ಅದನ್ನು ಸೇರಿಸದಿದ್ದರೆ ಸಿನಿಮಾದಲ್ಲಿ ಗುಂಡಿ ಬಿದ್ದಂತಾಗುತ್ತದೆ. ನಿರ್ದೇಶಕರಿಂದ ಹಿಡಿದು ಅಡುಗೆಯವರವರೆಗೆ ಎಲ್ಲರೂ ಶಾಲೆಯ ಮಕ್ಕಳ ಹಾಗೆ ನಿಲ್ಲುವುದು ಆ ಒಂದು ನಿಮಿಷ ಮಾತ್ರ.

ಮಹಡಿಯ ಕೋಣೆಯಲ್ಲಿ ಮೌನ ತೆಗೆದಾಗ ನನ್ನ ಹೆಡ್‌ಫೋನಿನಲ್ಲಿ ಸಣ್ಣ ಸೀಟಿಯಂಥ ಸದ್ದು. ಕಟ್ ಅಂದೆ. ಫ್ಯಾನು ನಿಲ್ಲಿಸಿದರು. ಮತ್ತೆ ಸೀಟಿ. ಫ್ರಿಜ್ ಆರಿಸಿದರು. ಜನರೇಟರನ್ನು ತೋಟದ ತುದಿಗೆ ದೂಡಿದರು. ಎಲೆಕ್ಟ್ರಿಷಿಯನ್ ತನ್ನ ಕೈಗಡಿಯಾರವನ್ನೂ ಬಿಚ್ಚಿ ಆಚೆ ಇಟ್ಟು ಬಂದ. ಆದರೂ ಸೀಟಿ ಹೋಗಲಿಲ್ಲ. ಮುದ್ರಿಸಿದ್ದನ್ನು ಹಾಕಿ ಕೇಳಿಸಿದರೆ ಯಾರಿಗೂ ಏನೂ ಕೇಳಿಸದು. ಕಂಬ ಮಾತ್ರ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ, ಹೌದು, ನನಗೂ ಕೇಳ್ತಿದೆ ಅಂದ. ಅಲ್ಲಿಗೆ ಮುಗಿಯಿತು. ನಿರ್ದೇಶಕರು ಕುಣಿದಾಡಿಬಿಟ್ಟರು. ದೆವ್ವದ ಸಿನಿಮಾಕ್ಕೆ ದೆವ್ವವೇ ಬಂದಿದೆ ಅಂತ ಪತ್ರಿಕೆಯವರನ್ನು ಕರೆಸುವ ಯೋಚನೆಯಲ್ಲಿದ್ದಾರೆ.

ಈಗ ನನಗೆ ಇಲ್ಲಿ ಬಹಳ ಮರ್ಯಾದೆ. ದೆವ್ವ ನನ್ನನ್ನೇ ಹಿಡಿದುಕೊಂಡಿದೆ ಅಂತ ಊಟಕ್ಕೆ ಮೊದಲು ನನಗೆ ಬಡಿಸುತ್ತಾರೆ. ಅದು ನನ್ನ ಜೊತೆ ವ್ಯಾನಿನಲ್ಲೂ ಬರುತ್ತದೆ, ಅಂಚೆ ಹಾಕಲು ಹೋದಾಗಲೂ ಬರುತ್ತದೆ. ಟಿಕೆಟ್ ಇಲ್ಲದ ಪ್ರಯಾಣಿಕ.

ಇಂಥ ಗಲಾಟೆಯ ನಡುವೆ ನೀನು ಬಂದು ಏನು ಮಾಡುತ್ತೀಯ? ಬೇಡ.


ಜೂನ್ 21, ಶನಿವಾರ

ರೀ,

ನಿಮ್ಮ ಕೈಯಿಂದ ಇಷ್ಟು ಉದ್ದದ ಕಾಗದ! ಮೊದಲು ಅಳತೆ ನೋಡಿಯೇ ಖುಷಿಪಟ್ಟೆ. ಅತ್ತೆಗೆ ಓದಿ ಹೇಳಿದೆ, ಕೈಗಡಿಯಾರ ಬಿಚ್ಚಿಟ್ಟ ಜಾಗದಲ್ಲಿ ಅವರು ಕೆಮ್ಮು ಬರುವಷ್ಟು ನಕ್ಕರು. ಆಸ್ಪತ್ರೆಯಲ್ಲಿ ಕಾಂಪೌಂಡರ್‌ಗೆ, ಚೀಟಿ ಬರೆಯುವಾಕೆಗೆ, ಬಾಗಿಲು ಕಾಯುವವರಿಗೆ, ಎಲ್ಲರಿಗೂ ಓದಿದೆ. ನಮ್ಮ ನರ್ಸಮ್ಮನಿಗೆ ತಮಿಳು ಬರುತ್ತದೆ. ಅಜ್ಜಿ ದೆವ್ವವನ್ನು ಮರ್ಯಾದೆಯಿಂದ ಹೇಗೆ ಮಾತಾಡಿಸಬೇಕು ಅಂತ ನನಗೆ ನಾಲ್ಕು ವಾಕ್ಯ ಹೇಳಿಕೊಟ್ಟಿದ್ದಾರೆ. ನಾನು ಹೇಳಿದರೆ ದೆವ್ವ ಮನೆ ಖಾಲಿ ಮಾಡುತ್ತದೆ ಅಂತಲೂ ಹೇಳಿದ್ದಾರೆ.

ಹೋದ ವಾರ ನರ್ಸಮ್ಮನ ಜೊತೆ ಒಂದು ತಮಿಳು ಸಿನಿಮಾಕ್ಕೆ ಹೋಗಿದ್ದೆ. ಎಲ್ಲರೂ ನಗುವಾಗ ನಾನು ಒಂದು ಕ್ಷಣ ತಡವಾಗಿ ನಕ್ಕೆ, ಅಷ್ಟೇ ತೊಂದರೆ. ಆಮೇಲೆ ಕಥೆ ಬಿಟ್ಟು ಸದ್ದನ್ನೇ ಕೇಳುತ್ತ ಕೂತೆ. ಹೆಜ್ಜೆ, ಬಳೆ, ಬಾಗಿಲ ಚಿಲಕ. ಇದನ್ನೆಲ್ಲ ಯಾರೋ ಒಬ್ಬರು ಕೂತು ಆರಿಸಿ ಜೋಡಿಸಿರುತ್ತಾರೆ, ನಮ್ಮ ಮನೆಯವರ ಥರದವರು, ಅನ್ನಿಸಿ ಹೆಮ್ಮೆಯಾಯಿತು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿಗೆ ಹೇಳಿಯೂಬಿಟ್ಟೆ, ನನ್ನ ಗಂಡ ಸೌಂಡ್ ಅಂತ. ಅವರು ಸ್ವಲ್ಪ ಆಚೆ ಸರಿದು ಕೂತರು.

ಸೀಟಿ ಅಂದಿರಲ್ಲ, ಯಾವ ಥರದ್ದು? ಕುಕ್ಕರಿನದಾ, ಸೊಳ್ಳೆಯದಾ? ಬಿಟ್ಟು ಬಿಟ್ಟು ಬರುತ್ತದಾ, ಒಂದೇ ಸಮನೆ ಇರುತ್ತದಾ? ನರ್ಸಮ್ಮ ಕೇಳುತ್ತಿದ್ದಾರೆ.

ಬೇಡ ಅಂತ ಮತ್ತೆ ಬರೆದಿದ್ದೀರಿ. ಹಾಗಾದರೆ ಸೋಮವಾರ ಹೋಗಿ ರಜೆ ಕ್ಯಾನ್ಸಲ್ ಮಾಡಿಸುತ್ತೇನೆ. ಕೋಪವಿಲ್ಲ. ಸ್ವಲ್ಪ ಇದೆ.

ಗುಬ್ಬಿ


ಜೂನ್ 24, ಮಂಗಳವಾರ

ರೀ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ರಜೆ ಕ್ಯಾನ್ಸಲ್ ಮಾಡಿಸಿಲ್ಲ.

ನಿನ್ನೆ ಬೆಳಗ್ಗೆ ಒಬ್ಬರು ಟೈಲರ್ ಬಂದಿದ್ದರು, ಹೆಂಡತಿ ಕರೆದುಕೊಂಡು ಬಂದಿದ್ದರು. ನಾನು ಹೆಸರು ಕೇಳಿದ್ದಕ್ಕೆ ಅವರು ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡು ಒಂದು ಕಡೆಯ ಮುಖ ನನಗೆ ಕೊಟ್ಟು ಕೂತರು. ಹೆಂಡತಿ ಅಂದರು, "ಇವ್ರು ಯಾವಾಗ್ಲೂ ಹೀಗೇ, ನನ್ನ ಈ ಕಡೆಗೇ ಕೂರಿಸ್ಕೋತಾರೆ. ಪ್ರೀತಿ ಅಂದ್ಕೊಂಡಿದ್ದೆ."

ನಾನು ಇಂಥ ಎಷ್ಟು ಜನರನ್ನು ನೋಡಿದ್ದೇನೆ. ಬಾಗಿಲಿನಿಂದ ಕುರ್ಚಿಗೆ ಬರುವುದರೊಳಗೆ ಯಾವ ಕಿವಿ ಅಂತ ಹೇಳುತ್ತೇನೆ. ಆದರೆ ನೀವು ನನ್ನನ್ನು ಬಲಗಡೆಗೇ ನಡೆಸಿದ್ದಕ್ಕೆ ಗೆಳತಿಯರಿಗೆಲ್ಲ ಏನು ಹೇಳಿಕೊಂಡು ತಿರುಗಿದ್ದೆ ಅನ್ನುವುದು ನೆನಪಾಗಿ ನಿನ್ನೆ ನನ್ನ ಕೈ ಯಂತ್ರದ ಮೇಲೆಯೇ ನಿಂತುಬಿಟ್ಟಿತು. ಟೈಲರ್, ಶುರು ಮಾಡೋದಾ ಮೇಡಂ ಅಂತ ಕೇಳಬೇಕಾಯಿತು.

ಮನೆಗೆ ಬಂದು ನಿಮ್ಮ ಕಾಗದವನ್ನು ಮತ್ತೆ ಓದಿದೆ. ಈ ಸಲ ನಗು ಬರಲಿಲ್ಲ. ಯಾರಿಗೂ ಕೇಳದ ಸೀಟಿ. ಮಹಡಿಯಲ್ಲೂ, ವ್ಯಾನಿನಲ್ಲೂ, ಅಂಚೆ ಕಚೇರಿಯಲ್ಲೂ.

ಪಟ್ಟಣದಲ್ಲಿರುವ ನಿಮ್ಮ ಕಂಪನಿಯ ಆಫೀಸಿಗೆ ಇವತ್ತು ಫೋನ್ ಮಾಡಿದೆ. ಮ್ಯಾನೇಜರ್ ಎತ್ತಿದರು, ಏನು ವಿಷಯ ಅಂದರು. ಏನಿಲ್ಲ, ಮನೆಯಲ್ಲಿ ಎಲ್ಲ ಚೆನ್ನಾಗಿದ್ದೀವಿ ಅಂತ ತಿಳಿಸಿ ಅಂದು ಇಟ್ಟುಬಿಟ್ಟೆ. ಈ ವಿಷಯ ಅವರ ಬಾಯಿಗೆ ಬೀಳಬಾರದು, ನಿಮ್ಮ ಕೆಲಸ ಅಂಥದ್ದು ಅಂತ ಗೊತ್ತು.

ನನ್ನ ಊಹೆ ಹೇಳುವುದಿಲ್ಲ, ಎರಡೇ ಪ್ರಶ್ನೆ. ಯಾವ ಕಿವಿ? ಯಾವಾಗಿನಿಂದ? ಈಗೀಗ ಏಕಾಏಕಿ ಶುರುವಾಗಿದ್ದರೆ ನನಗೆ ಬರೆಯುತ್ತ ಕೂರಬೇಡಿ, ಈ ಕಾಗದ ತಲುಪಿದ ದಿನವೇ ಪಟ್ಟಣದ ಕಿವಿ ಡಾಕ್ಟರ ಹತ್ತಿರ ಹೋಗಿ. ತಡ ಮಾಡಿದಷ್ಟೂ ಕಷ್ಟ. ಹಳೆಯದಾಗಿದ್ದರೆ ಬರೆಯಿರಿ.

ನಾನು ಬರುವುದು ಬೇಡ ಅಂದದ್ದು ಇದಕ್ಕೇ ಆಗಿದ್ದರೆ, ಹಾಗೆ ಅಂತ ಒಂದು ಸಾಲು ಬರೆದರೆ ಸಾಕು. ಬೇರೆ ಕಾರಣವಾಗಿದ್ದರೂ ಬರೆಯಿರಿ.


ಜೂನ್ 29, ಭಾನುವಾರ

ಗುಬ್ಬಿ,

ಎಡ.

ಹೋದ ವರ್ಷದಿಂದ. ಬೇರೊಂದು ಸಿನಿಮಾದಲ್ಲಿ ಸ್ಫೋಟದ ದೃಶ್ಯ ಇತ್ತು. ಹೇಳಿದ್ದಕ್ಕಿಂತ ಹತ್ತಿರದಲ್ಲಿ ಸಿಡಿಸಿದರು. ಅದಾದ ಮೇಲೆ ಕೆಲವು ದಿನ ಸೀಟಿ ಇತ್ತು, ಹೋಯಿತು, ಮತ್ತೆ ಬಂತು. ಈಗ ಹೋಗುವುದೇ ಇಲ್ಲ. ಎಡಗಡೆಯಿಂದ ಯಾರಾದರೂ ಮೆಲ್ಲಗೆ ಮಾತಾಡಿದರೆ ಅರ್ಧ ಸಿಗುತ್ತದೆ, ಅರ್ಧ ಊಹಿಸುತ್ತೇನೆ.

ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ಮಾಡಿಸಿಕೊಂಡರೆ ಅದು ಕಾಯಿಲೆ, ಮಾಡಿಸಿಕೊಳ್ಳದಿದ್ದರೆ ಬರೀ ಒಂದು ಸದ್ದು ಅಂದುಕೊಂಡು ದಿನ ತಳ್ಳಿದೆ. ಅಷ್ಟರಲ್ಲಿ ಈ ಮನೆಯವರು ಅದನ್ನು ದೆವ್ವ ಅಂದರು. ಕಿವಿ ಹೋಯಿತು ಅನ್ನುವುದಕ್ಕಿಂತ ದೆವ್ವ ಬಂತು ಅನ್ನುವುದೇ ವಾಸಿ ಅನ್ನಿಸಿತು, ಒಪ್ಪಿಕೊಂಡೆ. ಈ ಕೆಲಸ ಬಿಟ್ಟು ನನಗೆ ಬೇರೇನೂ ಬರುವುದಿಲ್ಲ. ಒಂದು ಕಿವಿಯ ಸೌಂಡ್ ರೆಕಾರ್ಡಿಸ್ಟನ್ನು ಯಾರು ಕರೆಯುತ್ತಾರೆ?

ಹುಡುಗಿ ಕಿವಿ ಪರೀಕ್ಷೆ ಮಾಡುವವಳು ಅಂತ ಅಮ್ಮ ಹೇಳಿದಾಗ ನಾನು ಆ ಸಂಬಂಧವೇ ಬೇಡ ಅಂದಿದ್ದೆ. ಬಲವಂತಕ್ಕೆ ನೋಡಲು ಬಂದೆ. ನೀನು ಬಂದು ನನ್ನ ಬಲಗಡೆಯ ಕುರ್ಚಿಯಲ್ಲಿ ಕೂತು ಮಾತಾಡಲು ಶುರು ಮಾಡಿದೆ. ಒಂದು ಮಾತೂ ತಪ್ಪಿಹೋಗಲಿಲ್ಲ. ಎಷ್ಟೋ ತಿಂಗಳ ಮೇಲೆ ಊಹೆ ಮಾಡದೆ ಒಬ್ಬರ ಮಾತು ಪೂರ್ತಿ ಕೇಳಿದೆ. ಆ ಸಂಜೆಯೇ ಅಮ್ಮನಿಗೆ ಹೂಂ ಅಂದೆ.

ಹೌದು, ಇದಕ್ಕೇ ಬೇಡ ಅಂದದ್ದು. ಬೇರೆ ಕಾರಣವಿಲ್ಲ. ಇಲ್ಲಿಗೆ ಬಂದು ಒಂದು ದಿನ ನಾನು ಕೆಲಸ ಮಾಡುವುದನ್ನು ನೋಡಿದರೆ ನಿನಗೆ ಗೊತ್ತಾಗುತ್ತಿತ್ತು.

ನಿನ್ನ ಕಾಗದ ತಲುಪಿದ ದಿನ ಇಲ್ಲಿ ದೊಡ್ಡ ರಾದ್ಧಾಂತ. ನಾಯಕಿ ಮಹಡಿಯ ಕೋಣೆಗೆ ಕಾಲಿಡುವುದಿಲ್ಲ ಅಂತ ಅಳುತ್ತ ಪೆಟ್ಟಿಗೆ ಕಟ್ಟುತ್ತಿದ್ದಳು. ಕೊನೆಯ ದೃಶ್ಯಕ್ಕೆ ಬೇರೆ ಮನೆ ನೋಡುವ ಮಾತು ಬಂತು. ಬಡಗಿ ತಾನು ಕೂರಿಸಿದ ಬಾಗಿಲುಗಳನ್ನೆಲ್ಲ ಕೀಳಬೇಕಲ್ಲ ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ನನಗೆ ತಡೆಯಲಾಗಲಿಲ್ಲ. ನಾಯಕಿಯನ್ನು ತೋಟಕ್ಕೆ ಕರೆದು, ತಾಯಿಯ ಎದುರಿಗೇ, ದೆವ್ವ ಇಲ್ಲಮ್ಮ, ಆ ಸದ್ದು ನನ್ನ ಕಿವಿಯೊಳಗಿನದು ಅಂದೆ. ಅವಳು ಕಣ್ಣೊರೆಸಿಕೊಂಡಳು. ಆಮೇಲೆ, "ಅಣ್ಣಾ, ಇಷ್ಟು ದಿನ ನಿದ್ದೆ ಕೆಡಿಸಿದ್ದು ನೀವಾ?" ಅಂದಳು. ತಾಯಿ ನಗಲು ಶುರು ಮಾಡಿದರು, ಅವಳೂ ನಕ್ಕಳು. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟು ಹೋಗಿ ಮಲಗಿದವಳು ಸಂಜೆವರೆಗೆ ಏಳಲಿಲ್ಲ.

ಮರುದಿನ ಮಹಡಿಯ ಮೌನವನ್ನು ಕಂಬನೇ ಹೆಡ್‌ಫೋನ್ ಹಾಕಿಕೊಂಡು ತೆಗೆದ. ನಿನಗೂ ಸೀಟಿ ಕೇಳಿತು ಅಂದಿದ್ದೆಯಲ್ಲ ಅಂತ ಕೇಳಿದೆ. ನಿಮ್ಮನ್ನ ಒಬ್ಬರನ್ನೇ ಬಿಡೋಕೆ ಆಗ್ಲಿಲ್ಲ ಅಂದ. ಅವನಿಗೆ ಮೊದಲಿನಿಂದ ಗೊತ್ತಿತ್ತಂತೆ.

ಇನ್ನು ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ನಿನಗೆ ಹೇಗೆ ಅನ್ನಿಸಿತೋ ಹಾಗೆ ಮಾಡು.


ಜುಲೈ 3, ಗುರುವಾರ

ರೀ,

ನನ್ನ ಜೀವನದಲ್ಲಿ ಬಂದ ಪ್ರೇಮಪತ್ರದ ಮೊದಲ ಸಾಲು ಬರೀ ಎರಡಕ್ಷರದ್ದು. ಅದನ್ನು ಓದಿ ಅಡುಗೆಮನೆಯಲ್ಲಿ ನಿಂತುಕೊಂಡೇ ಅತ್ತುಬಿಟ್ಟೆ. ನಿಮಗೆ ಬರೆಯುವುದಿಲ್ಲ ಅಂದಿದ್ದೆ, ಬರೆದೆ, ಏನೀಗ. ಅತ್ತೆ ಬಂದು ಏನಾಯಿತು ಅಂದರು. ನಿಮ್ಮ ಮಗ ನನ್ನನ್ನು ಯಾಕೆ ಒಪ್ಪಿದರು ಅಂತ ಈಗ ಬರೆದಿದ್ದಾರೆ ಅಂದೆ. ಈಗಲಾ ಅಂತ ಹಣೆ ಚಚ್ಚಿಕೊಂಡರು. ಕಿವಿಯ ವಿಷಯ ಹೇಳಿಲ್ಲ. ಅದು ನೀವೇ ಹೇಳಬೇಕಾದದ್ದು.

ಕೋಪ ಇತ್ತು. ಎರಡು ದಿನ ಚೆನ್ನಾಗಿಯೇ ಇತ್ತು. ಕಿವಿ ತೋರಿಸಲು ಜಗತ್ತಿಗೆಲ್ಲ ನಾನು ಬೇಕು, ಮನೆಯವರು ಮಾತ್ರ ನನ್ನಿಂದಲೇ ಬಚ್ಚಿಟ್ಟುಕೊಂಡರು ಅಂತ. ಆಮೇಲೆ ಯೋಚನೆ ಮಾಡಿದೆ. ನಮ್ಮಲ್ಲಿಗೆ ಬರುವ ಯಾರೂ ಸಂತೋಷವಾಗಿ ಬರುವುದಿಲ್ಲ. ಹೆಂಡತಿಯೋ ಮಗಳೋ ಎಳೆದುಕೊಂಡು ಬರುತ್ತಾರೆ. ನಾನೂ ಎಳೆಯುವವರ ಸಾಲಿಗೆ ಸೇರಿದೆ, ಅಷ್ಟೆ.

ಯಾರ ಕಿವಿ ಅಂತ ಹೇಳದೆ ಡಾಕ್ಟರಮ್ಮನ ಹತ್ತಿರ ಕೇಳಿದೆ. ಯಾರದ್ದು ಅಂತ ಅವರೂ ಕೇಳಲಿಲ್ಲ, ಪೆಟ್ಟಿಗೆಯಲ್ಲಿ ಹಿಡಿಯುವ ಕಿವಿ ಪರೀಕ್ಷೆಯ ಸಣ್ಣ ಯಂತ್ರ ತೆಗೆದು ಮೇಜಿನ ಮೇಲಿಟ್ಟರು. ಹುಷಾರಾಗಿ ತಗೊಂಡು ಹೋಗಿ ಹುಷಾರಾಗಿ ತಾ ಅಂದರು. ಮೊದಲು ಕಿವಿಯೊಳಗೆ ಬೆಳಕು ಹಾಕಿ ನೋಡುತ್ತೇನೆ, ಬರೀ ಗುಗ್ಗೆ ಕಟ್ಟಿಕೊಂಡು ಅರ್ಧ ಕೆಲಸ ಕೆಡಿಸಿದ್ದರೂ ಕೆಡಿಸಿರಬಹುದು. ಆಮೇಲೆ ಪರೀಕ್ಷೆ. ಹಿಂದಿನ ದಿನದಿಂದ ನೀವು ಹೆಡ್‌ಫೋನ್ ಮುಟ್ಟಬಾರದು. ಕಂಬ ನೋಡಿಕೊಳ್ಳಲಿ. ಅವರಿಗೆ ನನ್ನ ನಮಸ್ಕಾರ ಹೇಳಿ, ಗೊರಕೆಯ ಬಗ್ಗೆ ಬರೆದ ಸಾಲನ್ನು ನಾನು ವಾಪಸ್ಸು ತೆಗೆದುಕೊಂಡಿದ್ದೇನೆ ಅಂತಲೂ.

ಸೀಟಿ ಹೋಗಿಬಿಡುತ್ತದೆ ಅಂತ ನಾನು ಬರೆಯುವುದಿಲ್ಲ. ಹೋಗದೆಯೂ ಇರಬಹುದು. ಕೆಲವರಿಗೆ ಹೋಗುತ್ತದೆ, ಕೆಲವರು ಅದರ ಜೊತೆ ಇರಲು ಕಲಿಯುತ್ತಾರೆ, ಕಲಿತು ಎಲ್ಲ ಕೆಲಸವನ್ನೂ ಮಾಡುತ್ತಾರೆ. ಎಷ್ಟು ಹೋಗಿದೆ ಅಂತ ನೀವು ಒಂದು ವರ್ಷದಿಂದ ಲೆಕ್ಕ ಹಾಕಿದ್ದೀರಿ. ನಾನು ಎಷ್ಟು ಉಳಿದಿದೆ ಅಂತ ನೋಡಲು ಬರುತ್ತಿದ್ದೇನೆ. ಅದು ಗೊತ್ತಾದರೆ ಕಾಪಾಡಿಕೊಳ್ಳುವ ದಾರಿ ಇದೆ, ಅದು ನನಗೆ ಚೆನ್ನಾಗಿ ಬರುತ್ತದೆ. ನಿಮ್ಮ ಬಲಗಿವಿ ಹೇಗಿದೆ ಅಂತ ಯಾರೂ ನೋಡಿಲ್ಲ ಅನ್ನುವುದೂ ನನ್ನ ತಲೆಯಲ್ಲಿದೆ.

ಪರೀಕ್ಷೆ ಮಾಡುವಾಗ ನಾನು ನಿಮ್ಮ ಹೆಂಡತಿಯಲ್ಲ. ಊಹೆ ಮಾಡಿ ಗುಂಡಿ ಒತ್ತಿದರೆ ಗದರುತ್ತೇನೆ. ಇಡೀ ಮನೆಯಲ್ಲಿ ಸದ್ದು ಕಡಿಮೆ ಇರುವ ಕೋಣೆ ಆ ಮಹಡಿಯದ್ದೇ ಅನ್ನಿಸುತ್ತದೆ, ಅದನ್ನು ಖಾಲಿ ಇಡಿಸಿ. ಫ್ಯಾನು, ಫ್ರಿಜ್ಜು, ಜನರೇಟರು, ಎಲ್ಲ ಆರಿಸುವುದು ನಿಮ್ಮವರಿಗೆ ಅಭ್ಯಾಸವಾಗಿದೆಯಲ್ಲ.

ಎರಡು ಸೀರೆ, ಒಂದು ಸ್ವೆಟರ್, ಅತ್ತೆ ನಿಮಗಾಗಿ ಕಟ್ಟಿಕೊಟ್ಟ ಡಬ್ಬಿ, ಯಂತ್ರದ ಪೆಟ್ಟಿಗೆ. ಯಂತ್ರ ಮಡಿಲಲ್ಲಿ, ಉಳಿದದ್ದು ಸೀಟಿನ ಕೆಳಗೆ.

ಯಾವ ರೈಲು ಅಂತ ನೀವು ಬರೆಯಲೇ ಇಲ್ಲ, ನಾನೇ ವಿಚಾರಿಸಿಕೊಂಡೆ. ಬುಧವಾರ, ಜುಲೈ ಒಂಬತ್ತು. ಇಲ್ಲಿಂದ ಬೆಳಗ್ಗೆ ಆರೂವರೆಯ ಎಕ್ಸ್‌ಪ್ರೆಸ್ ಹತ್ತುತ್ತೇನೆ. ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಗುಡ್ಡದ ಕೆಳಗಿನ ಸ್ಟೇಷನ್, ಹಿಂದಿನಿಂದ ಮೂರನೇ ಬೋಗಿ.